ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ: ಗಣಕಯಂತ್ರದಲ್ಲಿ ಅನ್ಯಭಾಷಾ ಭಂಡಾರಗಳನ್ನು ಕರೆಯುವಾಗ ತೋರುವ ದೋಷಗಳು ಮತ್ತು ಅವುಗಳ ಪರಿಹಾರ

ಪ್ರವೇಶ

ಕೇಶಿರಾಜನ ವ್ಯಾಕರಣವನ್ನೂ ನಾಗವರ್ಮನ ಛಂದಸ್ಸನ್ನೂ ಮಕ್ಕಳಿಗೆ ಪಾಠ ಹೇಳುತ್ತ ಮೂರು ದಶಕಗಳನ್ನು ಕಳೆದ ಕನ್ನಡ ಪಂಡಿತನೊಬ್ಬನು ಗಣಕಯಂತ್ರದ ದೋಷಗಳನ್ನು ಕುರಿತು ಲೇಖನ ಬರೆಯಹೊರಟರೆ ವಾಚಕ ಮಹಾಶಯರಿಗೆ ಆಶ್ಚರ್ಯವಾಗುವುದು ಸಹಜವೇ ಆಗಿದೆ. ಇದು ಪಂಡಿತರಿಗೆ ಸಲ್ಲದ ಕೆಲಸವೆಂದು ನನ್ನ ಸಹೋದ್ಯೋಗಿಗಳು ವಿನೋದ ಮಾಡಿದ್ದೂ ಉಂಟು. ಆದರೆ ಈ ಲೇಖನ ಹುಟ್ಟಿದುದು ಕುತೂಹಲದಿಂದಲ್ಲ. ನನ್ನ ಕೈಯಿಂದಲೇ ಆದ ಒಂದು ಪ್ರಮಾದದಿಂದ.

ಬಹುಮಾನ ವಿತರಣೆಯ ಪ್ರಮಾಣಪತ್ರಗಳ ಮೇಲೆ ಮಕ್ಕಳ ಹೆಸರುಗಳನ್ನು ಕೈಯಿಂದ ಬರೆಯುವ ಕೆಲಸ ಬಹುಕಾಲ ನನ್ನದಾಗಿತ್ತು. ಕಣ್ಣು ಮಂದವಾಗುತ್ತ ಬಂದ ಮೇಲೆ, ಹಿಂದೆ ನನ್ನ ಶಿಷ್ಯರಾಗಿದ್ದು ಈಗ ಗಣಕಯಂತ್ರದ ಅಧ್ಯಾಪಕರಾಗಿರುವವರ ಮುಂದೆ ನಾನು ಶಿಷ್ಯನಾಗಿ ಕುಳಿತು, ಪೈಥಾನ್ ಎಂಬ ಭಾಷೆಯನ್ನು ಅಷ್ಟಿಷ್ಟು ಕಲಿತು, ಹೆಸರುಗಳ ಪಟ್ಟಿಯನ್ನು ಓದಿ ಒಂದೊಂದು ಪ್ರಮಾಣಪತ್ರದ ಮೇಲೂ ಹೆಸರನ್ನು ಮೂಡಿಸುವ ಕ್ರಮವಿಧಿಯೊಂದನ್ನು ಬರೆದೆ. ಪ್ರಯೋಗಶಾಲೆಯ ಯಂತ್ರದಲ್ಲಿ ಅದು ಚೆನ್ನಾಗಿಯೇ ನಡೆಯಿತು. ಸಮಾರಂಭದ ಹಿಂದಿನ ಸಂಜೆ ಅಲ್ಲಿನ ಮುದ್ರಕ ಕೈಕೊಟ್ಟಿತಾಗಿ, ಅದೇ ಕ್ರಮವಿಧಿಯನ್ನು ಕಛೇರಿಯ ಯಂತ್ರಕ್ಕೆ ಒಯ್ದು ಮುದ್ರಿಸಿದೆ. ದೋಷಸೂಚನೆ ಯಾವುದೂ ಬರಲಿಲ್ಲ. ಹಾಳೆಗಳನ್ನು ಕಟ್ಟಿ ಇಟ್ಟು ಮನೆಗೆ ಹೋದೆ.

ಮರುದಿನ ಸಮಾರಂಭ ಮುಗಿದು ಜನ ಪ್ರಸಾದಕ್ಕೆ ಏಳುತ್ತಿದ್ದಾಗ ಏಳನೆಯ ತರಗತಿಯ ಬಾಲಕನೊಬ್ಬನು ನನ್ನ ಬಳಿ ಬಂದು, 'ಗುರುಗಳೇ, ಇದರಲ್ಲಿ ನನ್ನ ಹೆಸರು ಒಡೆದುಹೋಗಿದೆ' ಎಂದನು. ಮಲ್ಲಿಕಾರ್ಜುನ ಎಂದಿರಬೇಕಾದುದು ಮಲ್‌ಲಿಕಾರ್‌ಜುನ ಎಂಬಂತೆ, ಒತ್ತಕ್ಷರಗಳೆಲ್ಲ ಕಿತ್ತುಬಂದು, ಗುಣಿತದ ಚಿಹ್ನೆಗಳು ಅಕ್ಷರಗಳಿಂದ ಬೇರೆಯಾಗಿ ನಿಂತಿದ್ದವು. ಸಜಾತೀಯ ವಿಜಾತೀಯ ಸಂಯುಕ್ತಾಕ್ಷರಗಳನ್ನು ತಪ್ಪಿಲ್ಲದೆ ಬರೆಯಿರೆಂದು ಬೆತ್ತ ಹಿಡಿದು ಹೇಳಿದವನ ಹಸ್ತಾಕ್ಷರದ ಕೆಳಗೇ ಈ ಅನರ್ಥ ಸಂಭವಿಸಿತ್ತು. ಒತ್ತಕ್ಷರವಿದ್ದ ಹೆಸರುಗಳೆಲ್ಲದರ ಗತಿಯೂ ಅದೇ ಆಗಿತ್ತು.

ಇದರ ಕಾರಣವನ್ನು ಹುಡುಕುತ್ತ ಹೋದಾಗ ನಾನು ಅರಿತುಕೊಂಡ ವಿಷಯಗಳನ್ನು, ಕ್ರಮವಿಧಿ ಬರೆಯುವ ಮಕ್ಕಳಿಗೆ ಪಾಠ ಹೇಳುವ ಅಧ್ಯಾಪಕರಿಗೂ, ಇಂದು ಈ ವೃತ್ತಿಯಲ್ಲಿಯೇ ಇರುವ ನಮ್ಮ ಪೂರ್ವ ವಿದ್ಯಾರ್ಥಿಗಳಿಗೂ ಉಪಯೋಗವಾದೀತೆಂಬ ನಂಬಿಕೆಯಿಂದ ಇಲ್ಲಿ ಸಂಗ್ರಹಿಸಿದ್ದೇನೆ.

೧. ಭಂಡಾರವೆಂದರೇನು?

ನಮ್ಮ ಕಡೆಯ ಊರುಗಳಲ್ಲಿ ಮದುವೆ ಮುಂಜಿಗಳಿಗೆ ಬೇಕಾಗುವ ದೊಡ್ಡ ಕೊಪ್ಪರಿಗೆಗಳನ್ನು ಪ್ರತಿಯೊಂದು ಮನೆಯವರೂ ಕೊಂಡು ಇಟ್ಟುಕೊಳ್ಳುವುದಿಲ್ಲ. ಅವು ಮಠದ ಉಗ್ರಾಣದಲ್ಲಿರುತ್ತವೆ. ಬೇಕಾದವರು ತಂದು ಬಳಸುತ್ತಾರೆ. ಪಾತ್ರೆಗೆ ಕಲಾಯಿ ಹಾಕಿಸಿದರೆ ಊರಿಗೆಲ್ಲ ಹಾಕಿಸಿದಂತಾಯಿತು. ಗಣಕಯಂತ್ರದಲ್ಲಿ ಶೇರ್ಡ್ ಲೈಬ್ರರಿ ಎಂದು ಕರೆಯಲ್ಪಡುವುದು ಇಂತಹುದೇ ಆಗಿದೆ. ಹಲವು ಕ್ರಮವಿಧಿಗಳಿಗೆ ಸಮಾನವಾಗಿ ಬೇಕಾಗುವ ಕಾರ್ಯಗಳನ್ನು ಒಂದೆಡೆ ಯಂತ್ರಭಾಷೆಯಲ್ಲಿ ಸಿದ್ಧಪಡಿಸಿ ಇಟ್ಟಿರುತ್ತಾರೆ. ಕ್ರಮವಿಧಿಯು ನಡೆಯುವ ಕಾಲದಲ್ಲಿ ಅದನ್ನು ಕರೆದು ತನ್ನೊಡನೆ ಸೇರಿಸಿಕೊಳ್ಳುತ್ತದೆ. ಇದನ್ನು ಹಂಚಿಕೆಯ ಭಂಡಾರವೆಂದು ಕರೆಯೋಣ. ಲಿನಕ್ಸ್ ವ್ಯವಸ್ಥೆಯಲ್ಲಿ ಇಂತಹ ಕಡತಗಳ ಹೆಸರು 'ಡಾಟ್ ಎಸ್‌ಓ' ಎಂದೂ ವಿಂಡೋಸ್ ವ್ಯವಸ್ಥೆಯಲ್ಲಿ 'ಡಾಟ್ ಡಿಎಲ್ಎಲ್' ಎಂದೂ ಕೊನೆಗೊಳ್ಳುತ್ತದೆ.

ಈ ಭಂಡಾರಗಳಲ್ಲಿ ಬಹುಭಾಗ ಸಿ ಅಥವಾ ಸಿ ಪ್ಲಸ್ ಪ್ಲಸ್ ಎಂಬ ಭಾಷೆಗಳಲ್ಲಿ ರಚಿತವಾದುವು. ಪೈಥಾನ್ ಭಾಷೆಯ ಕ್ರಮವಿಧಿಗೆ ಅವು ಅನ್ಯಭಾಷೆಯ ಮಾತುಗಳು. ಎರಡರ ನಡುವೆ ದ್ವಿಭಾಷಿಯಾಗಿ ನಿಲ್ಲುವ ಸಿಟೈಪ್ಸ್ ಎಂಬ ಸಾಧನವು ೨೦೦೬ರಲ್ಲಿ ಹೊರಬಂದ ಪೈಥಾನಿನ ೨.೫ನೆಯ ಆವೃತ್ತಿಯಿಂದ ಆ ಭಾಷೆಯ ಅಂಗವೇ ಆಗಿದೆ. ನನ್ನ ಪ್ರಮಾಣಪತ್ರದ ಕ್ರಮವಿಧಿಯಲ್ಲಿ ಚಿತ್ರದ ಮೇಲೆ ಅಕ್ಷರ ಬರೆಯುತ್ತಿದ್ದುದು ಪಿಲ್ಲೋ ಎಂಬ ಸಾಧನ. ಅದು ತೆರೆಯ ಹಿಂದೆ ನಾಲ್ಕು ಭಂಡಾರಗಳನ್ನು ಆಶ್ರಯಿಸಿದೆ: ಅಕ್ಷರದ ಆಕಾರವನ್ನು ಬಿಡಿಸುವ ಫ್ರೀಟೈಪ್, ಒತ್ತು ಗುಣಿತಗಳನ್ನು ಕೂಡಿಸಿ ಸರಿಯಾದ ರೂಪವನ್ನು ಆರಿಸುವ ಹಾರ್ಫ್‌ಬಜ್, ಬಲದಿಂದ ಎಡಕ್ಕೆ ಹರಿಯುವ ಅರಬ್ಬೀ ಹೀಬ್ರೂ ಮೊದಲಾದ ಬರಹಗಳ ದಿಕ್ಕನ್ನು ನಿರ್ಣಯಿಸುವ ಫ್ರಿಬಿಡಿ, ಇವುಗಳನ್ನೆಲ್ಲ ಒಂದುಗೂಡಿಸುವ ರಾಕ್ಮ್.

ಇವು ಏಕೆ ಬೇಕೆಂಬುದನ್ನು ಕನ್ನಡಿಗರು ಸುಲಭವಾಗಿ ತಿಳಿಯಬಹುದು. ೧೯೯೧ರ ಪ್ರಥಮ ಆವೃತ್ತಿಯಿಂದಲೂ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವುಂಟು. ಅದರಲ್ಲಿ 'ಲ್ಲಿ' ಎಂಬುದು ಲಕಾರ, ಹಲಂತ ಚಿಹ್ನೆ, ಲಕಾರ, ಇಕಾರದ ಗುಣಿತ ಎಂಬ ನಾಲ್ಕು ಸಂಕೇತಗಳಾಗಿ ಉಚ್ಚಾರಣೆಯ ಕ್ರಮದಲ್ಲಿ ಶೇಖರವಾಗಿರುತ್ತದೆ. ಆದರೆ ಬರೆಯುವಾಗ ಕೊನೆಯ ಇಕಾರವು ಮೊದಲನೆಯ ಲಕಾರದ ತಲೆಗೆ ಹೋಗಿ, ಎರಡನೆಯ ಲಕಾರವು ಒತ್ತಾಗಿ ಕೆಳಗಿಳಿಯುತ್ತದೆ. 'ರ್ಜು' ಎಂಬಲ್ಲಿ ಮೊದಲು ಉಚ್ಚರಿಸುವ ರೇಫವು ಅರ್ಕಾವೊತ್ತಾಗಿ ಜಕಾರದ ಆಚೆಗೆ ಬರುತ್ತದೆ. ಈ ಸ್ಥಾನಪಲ್ಲಟವನ್ನು ಬಲ್ಲ ಭಂಡಾರ ದೊರೆಯದಿದ್ದರೆ ಯಂತ್ರವು ಸಂಕೇತಗಳನ್ನು ಇದ್ದ ಕ್ರಮದಲ್ಲಿಯೇ ಸಾಲಾಗಿ ಬರೆದುಬಿಡುತ್ತದೆ. ನನ್ನ ಪ್ರಮಾಣಪತ್ರಗಳಲ್ಲಿ ಆದುದು ಇದೇ.

೨. ನಾಲ್ಕು ಕಾರಣಗಳು

ಪದಗಳು ಸೇರಿ ಅರ್ಥವತ್ತಾದ ವಾಕ್ಯವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಇರಬೇಕೆಂದು ನಮ್ಮ ಶಾಸ್ತ್ರಕಾರರು ಹೇಳಿದ್ದಾರೆ. ತಾತ್ಪರ್ಯಜ್ಞಾನವೆಂಬ ನಾಲ್ಕನೆಯದನ್ನು ಸೇರಿಸುವವರೂ ಉಂಟು. 'ಬಾಗಿಲನ್ನು' ಎಂದು ಈಗ ಹೇಳಿ 'ಮುಚ್ಚು' ಎಂದು ಸಂಜೆಗೆ ಹೇಳಿದರೆ ಸನ್ನಿಧಿಯಿಲ್ಲ. 'ನೀರಿನಿಂದ ದೀಪ ಹೊತ್ತಿಸು' ಎಂದರೆ ಯೋಗ್ಯತೆಯಿಲ್ಲ. 'ಬಾಗಿಲು, ಎತ್ತು, ಕೊಡ' ಎಂದಷ್ಟೇ ಹೇಳಿದರೆ ಒಂದು ಪದ ಇನ್ನೊಂದನ್ನು ಬಯಸುವ ಆಕಾಂಕ್ಷೆಯಿಲ್ಲ. ಊಟಕ್ಕೆ ಕುಳಿತವನು ಸೈಂಧವವನ್ನು ತಾ ಎಂದಾಗ ಉಪ್ಪಿನ ಬದಲು ಕುದುರೆಯನ್ನು ತಂದರೆ ತಾತ್ಪರ್ಯ ಗ್ರಹಿಸಿದಂತಾಗಲಿಲ್ಲ.

ಭಂಡಾರಗಳನ್ನು ಕರೆಯುವಾಗ ತೋರುವ ದೋಷಗಳೆಲ್ಲವೂ ಈ ನಾಲ್ಕರಲ್ಲಿ ಒಂದರ ಅಭಾವದಿಂದಲೇ ಆಗುತ್ತವೆಂಬುದು ನನ್ನ ಅನುಭವ. ಕಡತ ಕೈಗೆ ಸಿಗದಿರುವುದು ಸನ್ನಿಧಿಯ ದೋಷ. ಸಿಕ್ಕಿದರೂ ಈ ಯಂತ್ರಕ್ಕೆ ಹೊಂದದಿರುವುದು ಯೋಗ್ಯತೆಯ ದೋಷ. ಹೊಂದಿದರೂ ಅದು ಬಯಸುವ ಬೇರೆ ಭಂಡಾರವೋ ಹೆಸರೋ ಇಲ್ಲದಿರುವುದು ಆಕಾಂಕ್ಷೆಯ ದೋಷ. ಎಲ್ಲವೂ ಇದ್ದು ಕೊಟ್ಟ ಮಾತನ್ನು ತಪ್ಪಾಗಿ ಗ್ರಹಿಸುವುದು ತಾತ್ಪರ್ಯದ ದೋಷ. ಯಂತ್ರ ಯಾವುದರ ಬಗ್ಗೆ ದೂರುತ್ತಿದೆಯೆಂಬುದನ್ನು ಮೊದಲು ನಿರ್ಣಯಿಸಿದರೆ ಅರ್ಧ ಪರಿಹಾರವಾದಂತೆಯೇ ಸರಿ.

೩. ಸನ್ನಿಧಿ

ಲಿನಕ್ಸ್ ಯಂತ್ರದಲ್ಲಿ ಅತ್ಯಂತ ಸಾಮಾನ್ಯವಾಗಿ ಕಾಣುವ ದೋಷವಾಕ್ಯದ ಸಾರವಿಷ್ಟು: ಇಂತಹ ಭಂಡಾರದ ಕಡತವನ್ನು ತೆರೆಯಲಾಗಲಿಲ್ಲ, ಅಂತಹ ಕಡತವಾಗಲಿ ಕೋಶವಾಗಲಿ ಇಲ್ಲ. ಇದನ್ನು ಓದಿದವರು 'ಕಡತ ನನ್ನ ಕಣ್ಣ ಮುಂದೆಯೇ ಇದೆಯಲ್ಲ!' ಎಂದು ಯಂತ್ರವನ್ನು ಶಪಿಸುವುದುಂಟು. ಯಂತ್ರ ಸುಳ್ಳು ಹೇಳುತ್ತಿಲ್ಲ. ನಾವು ನೋಡುವ ಸ್ಥಳದಲ್ಲಿ ಅದು ನೋಡುತ್ತಿಲ್ಲ, ಅಷ್ಟೆ.

ಅದು ಎಲ್ಲಿ ನೋಡುತ್ತದೆ? ಹೆಸರಿನಲ್ಲಿ ಓರೆಗೆರೆಯಿದ್ದರೆ ಅದನ್ನು ಪೂರ್ಣ ವಿಳಾಸವೆಂದು ಬಗೆದು ನೇರವಾಗಿ ಅಲ್ಲಿಗೇ ಹೋಗುತ್ತದೆ. ಬರಿಯ ಹೆಸರಾದರೆ ಒಂದು ಕ್ರಮದಲ್ಲಿ ಹುಡುಕುತ್ತದೆ. ಕರೆಯುವ ಕಡತದೊಳಗೆ ಆರ್‌ಪಾತ್ ಎಂಬ ದಾರಿ ಬರೆದಿದ್ದು ರನ್‌ಪಾತ್ ಎಂಬುದು ಇಲ್ಲದಿದ್ದರೆ ಮೊದಲು ಅಲ್ಲಿ. ಆಮೇಲೆ ಎಲ್‌ಡಿ ಲೈಬ್ರರಿ ಪಾತ್ ಎಂಬ ಪರಿಸರಪದದಲ್ಲಿ ಹೇಳಿದ ಕೋಶಗಳಲ್ಲಿ. ಆಮೇಲೆ ರನ್‌ಪಾತ್ ಹೇಳಿದಲ್ಲಿ. ಆಮೇಲೆ ವ್ಯವಸ್ಥೆಯು ಮೊದಲೇ ಸಿದ್ಧಮಾಡಿಟ್ಟ ಸೂಚಿಯಲ್ಲಿ. ಕಟ್ಟಕಡೆಗೆ ಲಿಬ್ ಮತ್ತು ಯುಎಸ್ಆರ್ ಲಿಬ್ ಎಂಬ ರೂಢಿಯ ಕೋಶಗಳಲ್ಲಿ. ಕ್ರಮವಿಧಿ ಇರುವ ಕೋಶ ಈ ಪಟ್ಟಿಯಲ್ಲಿ ಇಲ್ಲವೆಂಬುದನ್ನು ಗಮನಿಸಬೇಕು. ಆದಕಾರಣ ಭಂಡಾರವನ್ನು ಕ್ರಮವಿಧಿಯ ಪಕ್ಕದಲ್ಲಿಯೇ ಇಟ್ಟವರು ಬರಿಯ ಹೆಸರನ್ನು ಹೇಳದೆ, ಕ್ರಮವಿಧಿಯು ತಾನಿರುವ ಸ್ಥಳದಿಂದ ಪೂರ್ಣ ವಿಳಾಸವನ್ನು ಕಟ್ಟಿಕೊಂಡು ಕರೆಯುವಂತೆ ಬರೆಯಬೇಕು.

ಇಲ್ಲಿ ಎಡವುವ ಸ್ಥಳಗಳು ಮೂರು. ಮೊದಲನೆಯದು, ಹೆಸರಿನ ಬಾಲ. ಡೆಬಿಯನ್, ಉಬುಂಟು ಮುಂತಾದವುಗಳಲ್ಲಿ ಫ್ರಿಬಿಡಿ ಭಂಡಾರವನ್ನು ಬಳಕೆಗಾಗಿ ಸ್ಥಾಪಿಸಿದರೆ ಬರುವ ಕಡತದ ಹೆಸರು 'ಲಿಬ್‌ಫ್ರಿಬಿಡಿ ಡಾಟ್ ಎಸ್‌ಓ ಡಾಟ್ ಸೊನ್ನೆ'. ಕೊನೆಯ ಸೊನ್ನೆಯಿಲ್ಲದ ಹೆಸರು ಬರುವುದು ಭಂಡಾರವನ್ನು ಸೇರಿಸಿ ಹೊಸ ಕ್ರಮವಿಧಿ ಕಟ್ಟುವವರ ಪೊಟ್ಟಣದಲ್ಲಿ ಮಾತ್ರ. ಸೊನ್ನೆಯನ್ನು ಬಿಟ್ಟು ಕರೆದರೆ ಕಟ್ಟುವವರ ಯಂತ್ರದಲ್ಲಿ ಓಗೊಟ್ಟ ಭಂಡಾರ ಬಳಸುವವರ ಯಂತ್ರದಲ್ಲಿ ಓಗೊಡುವುದಿಲ್ಲ. ಎರಡನೆಯದು, ಸೂಚಿ ಹಳತಾಗಿರುವುದು. ಹೊಸ ಭಂಡಾರವನ್ನು ಸೂಚಿಗೆ ಸೇರಿದ ಕೋಶದಲ್ಲಿ ಇಟ್ಟಮೇಲೆ ಎಲ್‌ಡಿಕಾನ್ಫಿಗ್ ಎಂಬ ಆಜ್ಞೆಯಿಂದ ಸೂಚಿಯನ್ನು ಹೊಸದಾಗಿ ಬರೆಸಬೇಕು. ಮೂರನೆಯದು, ಪರಿಸರಪದವನ್ನು ತಡವಾಗಿ ಹೇಳುವುದು. ಎಲ್‌ಡಿ ಲೈಬ್ರರಿ ಪಾತ್ ಎಂಬುದನ್ನು ಯಂತ್ರ ಓದಿಕೊಳ್ಳುವುದು ಕ್ರಮವಿಧಿ ಆರಂಭವಾಗುವ ಕ್ಷಣದಲ್ಲಿ. ನಡೆಯುತ್ತಿರುವ ಕ್ರಮವಿಧಿಯ ಒಳಗಿನಿಂದ ಅದನ್ನು ಬದಲಿಸಿದರೆ ಆ ಕ್ರಮವಿಧಿಯ ಹುಡುಕಾಟಕ್ಕೆ ಅದರಿಂದ ಪ್ರಯೋಜನವಿಲ್ಲ.

ವಿಂಡೋಸ್ ವ್ಯವಸ್ಥೆಯಲ್ಲಿ ಈ ದೋಷ ೧೨೬ ಎಂಬ ಸಂಖ್ಯೆಯೊಡನೆ ಬರುತ್ತದೆ. ೨೦೧೯ರಲ್ಲಿ ಬಂದ ಪೈಥಾನ್ ೩.೮ರಿಂದ ಒಂದು ಮುಖ್ಯ ವ್ಯತ್ಯಾಸವಾಗಿದೆ. ಹಿಂದೆ ಪಾತ್ ಎಂಬ ಪಟ್ಟಿಗೆ ಕೋಶವನ್ನು ಸೇರಿಸಿದರೆ ಸಾಕಾಗುತ್ತಿತ್ತು; ಈಗ ಪೈಥಾನ್ ಅನ್ಯಭಾಷಾ ಭಂಡಾರಗಳ ಅವಲಂಬನೆಗಳಿಗಾಗಿ ಆ ಪಟ್ಟಿಯನ್ನು ನೋಡುವುದಿಲ್ಲ. ಆಡ್ ಡಿಎಲ್ಎಲ್ ಡೈರೆಕ್ಟರಿ ಎಂಬ ಕಾರ್ಯದಿಂದ ಕೋಶವನ್ನು ಸ್ಪಷ್ಟವಾಗಿ ಹೇಳಬೇಕು. ಹಳೆಯ ಪುಸ್ತಕಗಳ ಉಪದೇಶವನ್ನು ಅನುಸರಿಸಿ ಸೋತವರು ಈ ಬದಲಾವಣೆಯನ್ನು ನೆನಪಿಡಬೇಕು.

೪. ಯೋಗ್ಯತೆ

ಕಡತ ಸಿಕ್ಕಿತು, ಆದರೂ ಯಂತ್ರ ಅದನ್ನು ಒಪ್ಪಲಿಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ: ಈ ಭಂಡಾರ ಯಾವ ಜಾತಿಯ ಯಂತ್ರಕ್ಕಾಗಿ ಸಿದ್ಧವಾಯಿತು? ಮೂವತ್ತೆರಡು ಬಿಟ್ಟಿನ ಭಂಡಾರವನ್ನು ಅರವತ್ತನಾಲ್ಕು ಬಿಟ್ಟಿನ ಪೈಥಾನ್ ತನ್ನೊಳಗೆ ಸೇರಿಸಿಕೊಳ್ಳಲಾರದು. ಇಂಟೆಲ್ ಬಗೆಯ ಸಂಸ್ಕಾರಕಕ್ಕೆ ಸಿದ್ಧವಾದುದು ರಾಸ್ಪ್‌ಬೆರಿ ಪೈ ಯಂತ್ರದ ಆರ್ಮ್ ಸಂಸ್ಕಾರಕಕ್ಕೆ ಹೊಂದದು. ಬಿಟ್ಟು ಹೊಂದದಿದ್ದಾಗ ಲಿನಕ್ಸ್ ಅದನ್ನು ಇಎಲ್ಎಫ್ ವರ್ಗ ತಪ್ಪಾಗಿದೆಯೆಂದು ಹೇಳುತ್ತದೆ. ವಿಂಡೋಸ್ ೧೯೩ ಎಂಬ ಸಂಖ್ಯೆಯನ್ನು ಕೊಡುತ್ತದೆ.

ಇಲ್ಲಿ ಮುಖ್ಯವಾದುದು ಯಂತ್ರದ ಬಿಟ್ಟಲ್ಲ, ಪೈಥಾನಿನ ಬಿಟ್ಟು. ಅರವತ್ತನಾಲ್ಕು ಬಿಟ್ಟಿನ ವಿಂಡೋಸಿನ ಮೇಲೆ ಮೂವತ್ತೆರಡು ಬಿಟ್ಟಿನ ಪೈಥಾನನ್ನು ಸ್ಥಾಪಿಸಿಕೊಂಡಿರುವುದು ಸಾಧ್ಯ. ಸ್ಟ್ರಕ್ಟ್ ಎಂಬ ಘಟಕದಲ್ಲಿ ವಿಳಾಸವೊಂದರ ಅಳತೆಯನ್ನು ಕೇಳಿದರೆ ನಾಲ್ಕು ಅಥವಾ ಎಂಟು ಎಂಬ ಉತ್ತರ ಬರುತ್ತದೆ. ನಾಲ್ಕಾದರೆ ಮೂವತ್ತೆರಡು ಬಿಟ್ಟು, ಎಂಟಾದರೆ ಅರವತ್ತನಾಲ್ಕು. ಲಿನಕ್ಸಿನಲ್ಲಿ ಭಂಡಾರದ ಜಾತಿಯನ್ನು ಫೈಲ್ ಎಂಬ ಆಜ್ಞೆ ತಿಳಿಸುತ್ತದೆ. ಆ ಆಜ್ಞೆ ಮಾಡುವುದು ಪವಾಡವಲ್ಲ; ಕಡತದ ಮೊದಲ ನಾಲ್ಕು ಬೈಟುಗಳಲ್ಲಿ ಇಎಲ್ಎಫ್ ಎಂಬ ಮುದ್ರೆಯಿರುತ್ತದೆ, ಐದನೆಯ ಬೈಟು ಒಂದಾದರೆ ಮೂವತ್ತೆರಡು, ಎರಡಾದರೆ ಅರವತ್ತನಾಲ್ಕು.

ಶಿರೋಭಾಗವೇ ಅಸಿಂಧುವೆಂಬ ದೂರು ಬಂದರೆ ಕಡತವು ಭಂಡಾರವೇ ಅಲ್ಲವೆಂದು ತಿಳಿಯಬೇಕು. ಇದಕ್ಕೆ ಪ್ರಸಿದ್ಧ ಉದಾಹರಣೆಯುಂಟು. ಹಲವು ಲಿನಕ್ಸ್ ವ್ಯವಸ್ಥೆಗಳಲ್ಲಿ 'ಲಿಬ್‌ಸಿ ಡಾಟ್ ಎಸ್‌ಓ' ಎಂಬುದು ಭಂಡಾರವಲ್ಲ. ಭಂಡಾರ ಎಲ್ಲಿದೆಯೆಂದು ಹೇಳುವ ಒಂದು ಚಿಕ್ಕ ಬರಹ. ನಿಜವಾದ ಭಂಡಾರ 'ಲಿಬ್‌ಸಿ ಡಾಟ್ ಎಸ್‌ಓ ಡಾಟ್ ಆರು'. ಊರಿನ ಹೆಸರು ಬರೆದ ಕಲ್ಲನ್ನೇ ಊರೆಂದು ಬಗೆದು ಅಲ್ಲಿ ವಸತಿ ಕೇಳಿದಂತೆ ಇದು.

೫. ಆಕಾಂಕ್ಷೆ

'ತಂದನು' ಎಂಬ ಕ್ರಿಯಾಪದ ಏನನ್ನು ಎಂಬ ಕರ್ಮವನ್ನು ಬಯಸುವಂತೆ ಭಂಡಾರವೊಂದು ಬೇರೆ ಭಂಡಾರಗಳನ್ನು ಬಯಸುತ್ತದೆ. ಕರೆದ ಕಡತ ಇದ್ದು, ಅದು ಬಯಸಿದ ಕಡತ ಇಲ್ಲದಿದ್ದರೂ ದೋಷ ತೋರುತ್ತದೆ. ಲಿನಕ್ಸಿನ ದೋಷವಾಕ್ಯದಲ್ಲಿ ನಿಜವಾಗಿ ಸಿಗದ ಕಡತದ ಹೆಸರೇ ಇರುತ್ತದೆ. ಅವಸರದಿಂದ ಓದುವವರು ಅದನ್ನು ತಾವು ಕರೆದ ಕಡತದ ಹೆಸರೆಂದೇ ಭಾವಿಸಿ ಇಡೀ ದಿನವನ್ನು ಕಳೆಯುತ್ತಾರೆ. ವಿಂಡೋಸಿನಲ್ಲಿ ಪೈಥಾನ್ ಹೇಳುವುದು 'ಈ ಕಡತವೋ ಅದರ ಅವಲಂಬನೆಗಳಲ್ಲಿ ಒಂದೋ ಸಿಗಲಿಲ್ಲ' ಎಂದಷ್ಟೇ; ಯಾವುದೆಂಬುದನ್ನು ನಾವೇ ಶೋಧಿಸಬೇಕು.

ಲಿನಕ್ಸಿನಲ್ಲಿ ಎಲ್‌ಡಿಡಿ ಎಂಬ ಆಜ್ಞೆ ಭಂಡಾರದ ಬಯಕೆಗಳನ್ನೆಲ್ಲ ಪಟ್ಟಿಮಾಡಿ, ಸಿಗದುದರ ಮುಂದೆ ಸಿಗಲಿಲ್ಲವೆಂದು ಬರೆಯುತ್ತದೆ. ನಂಬಿಕೆಗೆ ಅರ್ಹವಲ್ಲದ ಕಡತದ ಮೇಲೆ ಈ ಆಜ್ಞೆಯನ್ನು ಪ್ರಯೋಗಿಸಬಾರದು. ಅದು ಕೆಲವು ಸಂದರ್ಭಗಳಲ್ಲಿ ಆ ಕಡತವನ್ನೇ ನಡೆಸಿಬಿಡಬಹುದು. ಅಂತಹಲ್ಲಿ ಕಡತವನ್ನು ನಡೆಸದೆ ಓದಿ ಹೇಳುವ ರೀಡ್‌ಎಲ್ಫ್ ಎಂಬ ಆಜ್ಞೆ ಕ್ಷೇಮಕರ. ಇವೆರಡೂ ಸಾಲದಿದ್ದರೆ, ಎಲ್‌ಡಿ ಡಿಬಗ್ ಎಂಬ ಪರಿಸರಪದಕ್ಕೆ ಲಿಬ್ಸ್ ಎಂಬ ಬೆಲೆ ಕೊಟ್ಟು ಕ್ರಮವಿಧಿಯನ್ನು ನಡೆಸಿದರೆ, ಯಂತ್ರವು ಯಾವ ಯಾವ ಕೋಶದ ಬಾಗಿಲು ತಟ್ಟಿತೆಂಬುದನ್ನು ಸಾಲುಸಾಲಾಗಿ ಒಪ್ಪಿಸುತ್ತದೆ.

ಭಂಡಾರವಷ್ಟೇ ಅಲ್ಲ, ಅದರೊಳಗಿನ ಹೆಸರುಗಳಿಗೂ ಆಕಾಂಕ್ಷೆಯುಂಟು. ಇಂತಹ ಹೆಸರು ಅನಿರ್ದಿಷ್ಟವೆಂಬ ದೂರು ಬಂದಾಗ, ಭಂಡಾರ ದೊರೆತರೂ ಅದರಲ್ಲಿ ಕೇಳಿದ ಕಾರ್ಯದ ಹೆಸರಿಲ್ಲವೆಂದು ಅರ್ಥ. ಆವೃತ್ತಿ ಹಳೆಯದಾಗಿರಬಹುದು. ಅಥವಾ ಭಂಡಾರವು ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ರಚಿತವಾಗಿರಬಹುದು. ಆ ಭಾಷೆಯ ಸಂಕಲಕವು ಕಾರ್ಯದ ಹೆಸರನ್ನು ಇದ್ದಂತೆ ಇಡುವುದಿಲ್ಲ. ಪ್ರಕೃತಿಗೆ ಪ್ರತ್ಯಯ ಹತ್ತಿ ಪದವಾಗುವಂತೆ, ಹೆಸರಿಗೆ ಅದು ಸ್ವೀಕರಿಸುವ ವಸ್ತುಗಳ ಬಗೆಯನ್ನು ಸೂಚಿಸುವ ಅಕ್ಷರಗಳನ್ನು ಸೇರಿಸಿ ಹೊಸ ರೂಪ ಮಾಡುತ್ತದೆ. ನಾವು ಪ್ರಕೃತಿಯನ್ನು ಹೇಳಿ ಕರೆಯುತ್ತೇವೆ, ಭಂಡಾರದಲ್ಲಿರುವುದು ಪ್ರತ್ಯಯಾಂತ ರೂಪ. ರಚನೆಕಾರರು ಎಕ್ಸ್‌ಟರ್ನ್ ಸಿ ಎಂಬ ಸೂಚನೆ ಬರೆದಿದ್ದರೆ ಹೆಸರು ಶುದ್ಧ ಪ್ರಕೃತಿಯಾಗಿಯೇ ಉಳಿಯುತ್ತದೆ. ಎನ್ಎಮ್ ಎಂಬ ಆಜ್ಞೆಯಿಂದ ಒಳಗಿನ ಹೆಸರುಗಳನ್ನು ಕಣ್ಣಾರೆ ನೋಡಬಹುದು.

ಜಿಲಿಬ್‌ಸಿ ಎಂಬ ಮೂಲಭಂಡಾರದ ಇಂತಹ ಆವೃತ್ತಿ ಸಿಗಲಿಲ್ಲವೆಂಬ ದೂರೂ ಇದೇ ಗುಂಪಿನದು. ೨೦೨೧ರಲ್ಲಿ ಬಂದ ಅದರ ೨.೩೪ನೆಯ ಆವೃತ್ತಿಯಿರುವ ಹೊಸ ಯಂತ್ರದಲ್ಲಿ ಸಿದ್ಧವಾದ ಭಂಡಾರವು ಹಳೆಯ ಆವೃತ್ತಿಯ ಯಂತ್ರದಲ್ಲಿ ಹೀಗೆ ತೊಡರಬಹುದು. ಆಗ ಹೊಸ ಯಂತ್ರದಿಂದ ಮೂಲಭಂಡಾರವನ್ನೇ ಕಿತ್ತು ತಂದು ಹಳೆಯದರಲ್ಲಿ ಹಾಕುವ ಸಾಹಸ ಮಾಡಕೂಡದು. ಇಡೀ ಯಂತ್ರ ಕೂರುವ ಭಯವುಂಟು. ಹಳೆಯ ಯಂತ್ರದಲ್ಲಿಯೇ ಭಂಡಾರವನ್ನು ಮತ್ತೆ ಸಿದ್ಧಪಡಿಸುವುದು, ಇಲ್ಲವೆ ಆ ವ್ಯವಸ್ಥೆಯವರೇ ಕೊಡುವ ಪೊಟ್ಟಣವನ್ನು ಬಳಸುವುದು ಯುಕ್ತ.

೬. ತಾತ್ಪರ್ಯ

ಭಂಡಾರ ಬಂದಿತು, ಹೆಸರು ಸಿಕ್ಕಿತು. ಆದರೂ ಉತ್ತರ ತಪ್ಪು, ಇಲ್ಲವೆ ಕ್ರಮವಿಧಿಯು ಮಾತಿಲ್ಲದೆ ಕುಸಿದುಬೀಳುತ್ತದೆ. ಕಾರಣ, ಹೇಳಿದವನ ಅಭಿಪ್ರಾಯ ಕೇಳಿದವನಿಗೆ ಮುಟ್ಟಲಿಲ್ಲ. ಅಧ್ಯಾಪಕರು ತರಗತಿಯಲ್ಲಿ ಮಾಡಿ ತೋರಿಸಬಹುದಾದ ಒಂದು ಪ್ರಯೋಗವನ್ನು ಹೇಳುತ್ತೇನೆ.

'ಮಲ್ಲಿಕಾರ್ಜುನ' ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ಛಂದಸ್ಸಿನ ದೃಷ್ಟಿಯಿಂದ ಅದರಲ್ಲಿ ಐದು ಅಕ್ಷರಗಳು. ಪೈಥಾನಿಗೆ ಅದರ ಉದ್ದವನ್ನು ಕೇಳಿದರೆ ೧೨ ಎನ್ನುತ್ತದೆ. ಅದು ಎಣಿಸುವುದು ಯೂನಿಕೋಡ್ ಸಂಕೇತಗಳನ್ನು. ಯುಟಿಎಫ್-೮ ಎಂಬ ರೂಪಕ್ಕೆ ತಂದರೆ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟುಗಳಂತೆ ೩೬ ಆಗುತ್ತದೆ. ಈಗ ಲಿನಕ್ಸಿನಲ್ಲಿ ಸಿಟೈಪ್ಸ್ ಮೂಲಕ ಲಿಬ್‌ಸಿ ಭಂಡಾರದ ಸ್ಟ್ರ್‌ಲೆನ್ ಎಂಬ ಕಾರ್ಯವನ್ನು ಕರೆದು, ಯುಟಿಎಫ್-೮ಕ್ಕೆ ತಂದ ಬೈಟುಗಳನ್ನು ಕೊಟ್ಟರೆ ೩೬ ಎಂಬ ಉತ್ತರ ಬರುತ್ತದೆ. ರೂಪಾಂತರಿಸದೆ ಹೆಸರನ್ನು ಹಾಗೆಯೇ ಕೊಟ್ಟರೆ ಸಾಮಾನ್ಯ ಇಂಟೆಲ್ ಬಗೆಯ ಯಂತ್ರದಲ್ಲಿ ಬರುವ ಉತ್ತರ ೨! ಏಕೆಂದರೆ ಸಿಟೈಪ್ಸ್ ಪೈಥಾನಿನ ಪಠ್ಯವನ್ನು ಒಂದೊಂದು ಸಂಕೇತಕ್ಕೆ ನಾಲ್ಕು ಬೈಟುಗಳ ಅಗಲರೂಪದಲ್ಲಿ ಕಳುಹಿಸುತ್ತದೆ. ಮಕಾರದ ನಾಲ್ಕು ಬೈಟುಗಳಲ್ಲಿ ಮೊದಲೆರಡು ಮಾತ್ರ ತುಂಬಿದ್ದು ಉಳಿದೆರಡು ಸೊನ್ನೆ. ಸೊನ್ನೆ ಕಂಡಲ್ಲಿ ಮಾತು ಮುಗಿಯಿತೆಂದು ತಿಳಿಯುವುದು ಸಿ ಭಾಷೆಯ ರೂಢಿ. ಒಂದೇ ಹೆಸರು, ನಾಲ್ಕು ಲೆಕ್ಕ: ೫, ೧೨, ೩೬, ೨. ಕೊನೆಯದೊಂದೇ ತಪ್ಪು, ಅಲ್ಲಿ ಯಾವ ದೋಷಸೂಚನೆಯೂ ಬರುವುದಿಲ್ಲ.

ಹಿಂದಿರುಗಿ ಬರುವ ಬೆಲೆಯ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. ನಾವು ಏನನ್ನೂ ಹೇಳದಿದ್ದರೆ, ಬರುವುದು ಒಂದು ಸಾಮಾನ್ಯ ಪೂರ್ಣಾಂಕವೆಂದು ಸಿಟೈಪ್ಸ್ ಭಾವಿಸುತ್ತದೆ. ಭಂಡಾರವು ಅರವತ್ತನಾಲ್ಕು ಬಿಟ್ಟಿನ ವಿಳಾಸವನ್ನು ಕೊಟ್ಟರೆ ಅದರ ಅರ್ಧ ಮಾತ್ರ ಉಳಿದು, ಆ ವಿಳಾಸವನ್ನು ಅರಸಿ ಹೋದ ಕ್ರಮವಿಧಿ ಕುಸಿಯುತ್ತದೆ. ಆದ್ದರಿಂದ ಕಾರ್ಯವನ್ನು ಕರೆಯುವ ಮೊದಲು, ಕೊಡುವ ವಸ್ತುಗಳ ಬಗೆಯನ್ನು ಆರ್ಗ್‌ಟೈಪ್ಸ್ ಎಂಬಲ್ಲಿಯೂ ಬರುವ ವಸ್ತುವಿನ ಬಗೆಯನ್ನು ರೆಸ್‌ಟೈಪ್ ಎಂಬಲ್ಲಿಯೂ ತಪ್ಪದೆ ಬರೆಯಬೇಕು. ಇದು ವಾಕ್ಯದಲ್ಲಿ ವಿಭಕ್ತಿ ಬಳಸಿದಂತೆ. ಬಿಟ್ಟರೆ ಕರ್ತೃವೇ ಕರ್ಮವಾದೀತು.

೭. ಪ್ರಮಾಣಪತ್ರಗಳ ದೋಷ ಸಿಕ್ಕಿದ ಬಗೆ

ಈಗ ಮೊದಲಿನ ಪ್ರಸಂಗಕ್ಕೆ ಬರೋಣ. ೨೦೨೧ರ ೮.೨.೦ ಆವೃತ್ತಿಯಿಂದ ಪಿಲ್ಲೋವಿನ ಸಿದ್ಧ ಪೊಟ್ಟಣಗಳಲ್ಲಿ ರಾಕ್ಮ್ ಭಂಡಾರವು ಒಳಗೇ ಅಡಕವಾಗಿದೆ. ಫ್ರಿಬಿಡಿಯನ್ನು ಮಾತ್ರ ಕ್ರಮವಿಧಿ ನಡೆಯುವಾಗ ಯಂತ್ರದಲ್ಲಿ ಹುಡುಕಿಕೊಳ್ಳುತ್ತದೆ. ಪ್ರಯೋಗಶಾಲೆಯ ಉಬುಂಟು ಯಂತ್ರದಲ್ಲಿ ಫ್ರಿಬಿಡಿ ಮೊದಲೇ ಇದ್ದುದರಿಂದ ಕೆಲಸ ನಡೆಯಿತು. ಕಛೇರಿಯ ವಿಂಡೋಸ್ ಯಂತ್ರದಲ್ಲಿ ಅದು ಇರಲಿಲ್ಲ. ಇಲ್ಲದಾಗ ಪಿಲ್ಲೋ ದೂರುವುದಿಲ್ಲ. ರಾಕ್ಮನ್ನು ಬದಿಗಿಟ್ಟು, ಸಂಕೇತಗಳನ್ನು ಸಾಲಾಗಿ ಇಡುವ ತನ್ನ ಪ್ರಾಥಮಿಕ ವಿಧಾನಕ್ಕೆ ಮೌನವಾಗಿ ಇಳಿದುಬಿಡುತ್ತದೆ. ಇಂಗ್ಲಿಷ್ ಹೆಸರುಗಳಿಗೆ ಅದರಿಂದ ದೊಡ್ಡ ಬಾಧಕವಿಲ್ಲ. ಕನ್ನಡದ ಹೆಸರುಗಳು ಒಡೆಯುತ್ತವೆ.

ಇದರಲ್ಲಿ ಒಂದು ಸ್ವಾರಸ್ಯವಿದೆ. ಎಡದಿಂದ ಬಲಕ್ಕೆ ನೆಟ್ಟಗೆ ಹರಿಯುವ ಕನ್ನಡಕ್ಕೆ ಫ್ರಿಬಿಡಿಯ ವಿದ್ಯೆ ಬೇಕಾಗಿಲ್ಲ. ಕನ್ನಡಕ್ಕೆ ಬೇಕಾದುದು ಹಾರ್ಫ್‌ಬಜ್. ಆದರೆ ಅದನ್ನು ಕರೆಯುವ ರಾಕ್ಮ್ ಫ್ರಿಬಿಡಿಯನ್ನು ಬಯಸುತ್ತದೆ. ಅದು ಸಿಗದಿದ್ದರೆ ರಾಕ್ಮ್ ಏಳುವುದಿಲ್ಲ, ರಾಕ್ಮ್ ಏಳದಿದ್ದರೆ ಹಾರ್ಫ್‌ಬಜ್ ಇದ್ದೂ ಇಲ್ಲದಂತಾಗುತ್ತದೆ. ನಮಗೆ ನೇರವಾಗಿ ಬೇಡದ ಒಂದು ಕಡತದ ಅಭಾವದಿಂದ ನಮ್ಮ ಒತ್ತಕ್ಷರಗಳು ಒಡೆದವು. ಆಕಾಂಕ್ಷೆಯ ಸರಪಳಿಯನ್ನು ಕೊನೆಯ ಕೊಂಡಿಯವರೆಗೆ ನೋಡಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ.

ಪಿಲ್ಲೋವಿನ ಫೀಚರ್ಸ್ ಎಂಬ ಘಟಕದಲ್ಲಿ 'ರಾಕ್ಮ್ ಇದೆಯೇ?' ಎಂದು ಕೇಳಿದಾಗ ಕಛೇರಿಯ ಯಂತ್ರ ಇಲ್ಲವೆಂದಿತು. ಫ್ರಿಬಿಡಿಯ ಡಿಎಲ್ಎಲ್ ಕಡತವೊಂದನ್ನು ಹಳೆಯ ಯಂತ್ರದಿಂದ ತಂದು ಹುಡುಕಾಟದ ಕೋಶದಲ್ಲಿ ಇಟ್ಟೆ. ಮತ್ತೆಯೂ ಇಲ್ಲವೆಂದೇ ಉತ್ತರ. ಸನ್ನಿಧಿ ಒದಗಿತ್ತು, ಯೋಗ್ಯತೆ ಒದಗಿರಲಿಲ್ಲ: ತಂದ ಕಡತ ಮೂವತ್ತೆರಡು ಬಿಟ್ಟಿನದು, ಪೈಥಾನ್ ಅರವತ್ತನಾಲ್ಕರದು. ನಮ್ಮ ಅಧ್ಯಾಪಕರು ಅರವತ್ತನಾಲ್ಕು ಬಿಟ್ಟಿಗೆ ಸಿದ್ಧಪಡಿಸಿಕೊಟ್ಟ ಕಡತವನ್ನು ಇಟ್ಟಮೇಲೆ ಇದೆಯೆಂಬ ಉತ್ತರ ಬಂದಿತು. ಹೆಸರುಗಳು ಕ್ಷೇಮವಾಗಿ ಮೂಡಿದುವು.

ಅನಂತರ ಕ್ರಮವಿಧಿಯ ತಲೆಯಲ್ಲಿ ಎರಡು ತಿದ್ದುಪಡಿ ಮಾಡಿದೆ. ರಾಕ್ಮ್ ಇಲ್ಲದಿದ್ದರೆ ಒಂದು ಹಾಳೆಯನ್ನೂ ಮುದ್ರಿಸದೆ, ಕಾರಣವನ್ನು ಕನ್ನಡದಲ್ಲಿ ಹೇಳಿ ನಿಲ್ಲಬೇಕೆಂಬುದು ಒಂದು. ಹೆಸರು ಬರೆಯುವ ಕಾರ್ಯಕ್ಕೆ ಭಾಷೆ ಕನ್ನಡವೆಂದು ಸ್ಪಷ್ಟವಾಗಿ ಹೇಳುವುದು ಇನ್ನೊಂದು. ಭಾಷೆಯನ್ನು ಹೇಳಿದಾಗ ರಾಕ್ಮ್ ಇಲ್ಲದಿದ್ದರೆ ಪಿಲ್ಲೋ ಮೌನವಾಗಿ ಮುಂದುವರಿಯದೆ ದೋಷವನ್ನು ಸಾರಿ ನಿಲ್ಲುತ್ತದೆ. ಹೀಗೆ ಮೂಕದೋಷವನ್ನು ವಾಚಾಲದೋಷವನ್ನಾಗಿ ಮಾಡಿದಂತಾಯಿತು.

೮. ಅಧ್ಯಾಪಕರಿಗೆ ಒಂದು ಕ್ರಮ

ಮಕ್ಕಳು ಇಂತಹ ತೊಡಕನ್ನು ತಂದಾಗ ಈ ಕ್ರಮದಲ್ಲಿ ವಿಚಾರಿಸಬಹುದು. ದೋಷವಾಕ್ಯವನ್ನು ಮೊದಲಿಂದ ಕಡೆಯವರೆಗೆ ಗಟ್ಟಿಯಾಗಿ ಓದಿಸಬೇಕು; ಅದರಲ್ಲಿರುವ ಕಡತದ ಹೆಸರು ಯಾವುದೆಂದು ಕೇಳಬೇಕು. ಆ ಕಡತ ಎಲ್ಲಿದೆ, ಯಂತ್ರ ಎಲ್ಲಿ ನೋಡುತ್ತದೆ ಎಂಬೆರಡನ್ನೂ ಬರೆಸಬೇಕು. ಕಡತದ ಬಿಟ್ಟನ್ನೂ ಪೈಥಾನಿನ ಬಿಟ್ಟನ್ನೂ ಹೋಲಿಸಬೇಕು. ಅದರ ಅವಲಂಬನೆಗಳ ಪಟ್ಟಿ ತೆಗೆಸಬೇಕು. ಹೆಸರು ಒಳಗೆ ಇದೆಯೇ ಎಂದು ನೋಡಿಸಬೇಕು. ಕೊನೆಗೆ ಕೊಡುವ ಪಡೆಯುವ ವಸ್ತುಗಳ ಬಗೆಯನ್ನು ಪರೀಕ್ಷಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನಾಯಿತೆಂಬುದನ್ನು ಪುಸ್ತಕದಲ್ಲಿ ಬರೆದಿಡಬೇಕು. ಕಂಡ ಕಂಡ ಕಡತಗಳನ್ನು ಕಂಡ ಕಂಡ ಕೋಶಗಳಿಗೆ ತುಂಬುವುದು ಪರಿಹಾರವಲ್ಲ. ಅದು ಮುಂದಿನ ವರ್ಷದ ದೋಷಕ್ಕೆ ಬೀಜ ಬಿತ್ತಿದಂತೆ.

ದಾನಿಗಳು ಬೇರೆ ಬೇರೆ ಕಾಲದಲ್ಲಿ ಉದಾರವಾಗಿ ಕೊಟ್ಟ ಯಂತ್ರಗಳು ನಮ್ಮಂತಹ ಶಾಲೆಗಳಲ್ಲಿ ಹಲವು ಬಗೆಯವು. ಹಳೆಯವು ಕೆಲವು, ಹೊಸವು ಕೆಲವು. ಒಂದೊಂದು ಯಂತ್ರದ ಬಿಟ್ಟು, ವ್ಯವಸ್ಥೆ, ಪೈಥಾನಿನ ಆವೃತ್ತಿ, ಸ್ಥಾಪಿಸಿದ ಭಂಡಾರ ಇವುಗಳನ್ನು ಬರೆದ ಒಂದು ದಫ್ತರವನ್ನು ಯಂತ್ರದ ಬಳಿಯೇ ಇಟ್ಟರೆ ಮೇಲಣ ಶ್ರಮದಲ್ಲಿ ಬಹುಭಾಗ ಉಳಿಯುತ್ತದೆ.

ಉಪಸಂಹಾರ

ತಪ್ಪು ಮಾಡಿದ ಶಿಷ್ಯರಲ್ಲಿ ಎರಡು ಬಗೆ. ತಿಳಿಯದಿದ್ದಾಗ 'ತಿಳಿಯಲಿಲ್ಲ ಗುರುಗಳೇ' ಎನ್ನುವವನು ಒಬ್ಬ. ತಿಳಿಯದೆಯೂ ತಲೆಯಾಡಿಸಿ ಏನನ್ನೋ ಬರೆದುಕೊಡುವವನು ಇನ್ನೊಬ್ಬ. ಮೊದಲನೆಯವನನ್ನು ತಿದ್ದುವುದು ಸುಲಭ. ಗಣಕಯಂತ್ರದ ದೋಷವಾಕ್ಯವನ್ನು ನಾವು ಮೊದಲನೆಯ ಶಿಷ್ಯನ ಮಾತೆಂದು ತಿಳಿದು ಆದರಿಸಬೇಕು. ಮಾತಾಡದೆ ತಪ್ಪುವ ಯಂತ್ರವೇ ಭಯಕ್ಕೆ ಕಾರಣ. ಅದಕ್ಕಿಂತಲೂ ದೊಡ್ಡ ತಪ್ಪು, ಮುದ್ರಿತವಾದ ಹಾಳೆಯನ್ನು ಒಮ್ಮೆಯೂ ಓದದೆ ಕಟ್ಟಿ ಇಟ್ಟ ನನ್ನದು. ಯಂತ್ರದ ಭಂಡಾರ ಪತ್ತೆಯಾದ ಮೇಲೂ ಆ ಹೊಣೆ ಯಂತ್ರಕ್ಕೆ ವರ್ಗವಾಗುವುದಿಲ್ಲ.

ಹೊಸ ಪ್ರಮಾಣಪತ್ರಗಳನ್ನು ಒಂದೊಂದಾಗಿ ಓದಿ ನೋಡಿ, ತರಗತಿ ತರಗತಿಗೆ ನಾನೇ ಹೋಗಿ ಹಳೆಯವನ್ನು ಹಿಂದಕ್ಕೆ ಪಡೆದು ಕೊಟ್ಟುಬಂದೆ. ಆ ಬಾಲಕನು ತನ್ನದನ್ನು ತೆಗೆದುಕೊಂಡು ಒತ್ತಕ್ಷರಗಳ ಮೇಲೆ ಬೆರಳಾಡಿಸಿ ನೋಡಿ, 'ಈಗ ಸರಿಯಾಗಿದೆ, ಗುರುಗಳೇ' ಎಂದನು. ಹೆಸರು ಎಂಬುದು ಮಗುವಿಗೆ ಮನೆಯವರು ಇತ್ತ ಮೊದಲನೆಯ ಕಾಣಿಕೆ. ಅದನ್ನು ಅಂದವಾಗಿ, ತಪ್ಪಿಲ್ಲದೆ ಬರೆದುಕೊಡುವುದು ಶಾಲೆಯ ಕರ್ತವ್ಯ. ಲೇಖನಿಯಿಂದ ಬರೆದರೂ ಸರಿಯೆ, ಯಂತ್ರದಿಂದ ಬರೆದರೂ ಸರಿಯೆ. ಇತ್ಯಲಂ.